ಪರೀಕ್ಷೆ ಮಕ್ಕಳಿಗೆ ಮಾತ್ರವಲ್ಲ

ದ್ವಿತೀಯ ಪಿಯುಸಿ ಪರೀಕ್ಷೆ ಸಮೀಪಿಸುತ್ತಿದ್ದಂತೆಯೇ ಪ್ರತಿವರ್ಷ ನಮ್ಮ ಮನೆಗಳಲ್ಲಿ ಒಂದು ಬಗೆಯ ತುರ್ತು ಪರಿಸ್ಥಿತಿ ಘೋಷಣೆಯಾಗುತ್ತದೆ. ಟಿ.ವಿ. ಮೌನವಾಗುತ್ತದೆ, ಮೊಬೈಲ್ ಕಪಾಟು ಸೇರುತ್ತದೆ. ವರ್ಷವಿಡೀ ಮಗ ಏನು ಓದುತ್ತಿದ್ದಾನೆಂದು ವಿಚಾರಿಸದ ತಂದೆ ಕೊನೆಯ ತಿಂಗಳಲ್ಲಿ ತೊಂಬತ್ತು ಶೇಕಡಾದ ಗುರಿ ನಿಗದಿಪಡಿಸುತ್ತಾರೆ. ಇದನ್ನು ಸಿದ್ಧತೆ ಎನ್ನಬಹುದೇ?

ಪರೀಕ್ಷೆಯ ಸ್ವರೂಪವೇ ಬದಲಾಗಿದೆ ಎಂಬುದನ್ನು ಹೆಚ್ಚಿನ ಹೆತ್ತವರು ಗಮನಿಸಿಲ್ಲ. ಪ್ರಾಯೋಗಿಕ ಪರೀಕ್ಷೆಯಿಲ್ಲದ ವಿಷಯಗಳಲ್ಲೂ 20 ಅಂಕಗಳನ್ನು ಆಂತರಿಕ ಮೌಲ್ಯಮಾಪನಕ್ಕೆ ಮೀಸಲಿಡಲಾಗಿದೆ. ಇಂಜಿನಿಯರಿಂಗ್ ಪ್ರವೇಶದ ರ‍್ಯಾಂಕ್ ನಿರ್ಧಾರದಲ್ಲಿ ಸಿಇಟಿಯಷ್ಟೇ ಪಾಲು ಪಿಯುಸಿ ಅಂಕಗಳಿಗೂ ಇದೆ. ಅತ್ತ ನೀಟ್‌ನಲ್ಲಿ ಸರಿಯುತ್ತರಕ್ಕೆ 4 ಅಂಕ ಸಿಕ್ಕಿದರೆ, ತಪ್ಪುತ್ತರಕ್ಕೆ 1 ಅಂಕ ಕಳೆದುಹೋಗುತ್ತದೆ. ಅಂದರೆ, ಜೂನ್‌ನಲ್ಲಿ ಆರಂಭವಾಗಬೇಕಾದ ಸಿದ್ಧತೆಯನ್ನು ಫೆಬ್ರವರಿಯ ನಿದ್ದೆಗೆಟ್ಟ ರಾತ್ರಿಗಳು ತುಂಬಿಕೊಡಲಾರವು. ಓದಿದ್ದನ್ನೇ ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡುವುದು ಎಷ್ಟೋ ಪಾಲು ಫಲಕಾರಿ. ನಿದ್ದೆಯೂ ಕಲಿಕೆಯ ಭಾಗವೇ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ಆಗಲೇ.

ಆದರೆ ಓದಲು ಎಲ್ಲರಿಗೂ ಸಮಾನ ಅವಕಾಶವಿದೆಯೇ? 2024 ಮತ್ತು 2025ರಲ್ಲಿ ಪಿಯುಸಿ ಪರೀಕ್ಷೆಗಳು ರಮಝಾನ್‌ನೊಂದಿಗೇ ಬಂದುವು. ಮಗ ಕೋಣೆಯಲ್ಲಿ ಓದುತ್ತಿರುವಾಗ ಅದೇ ಪರೀಕ್ಷೆ ಬರೆಯಲಿರುವ ಮಗಳು ಇಫ್ತಾರ್‌ನ ಅಡುಗೆಯಲ್ಲಿ ತಾಯಿಗೆ ನೆರವಾಗುವ ದೃಶ್ಯ ನಮ್ಮಲ್ಲಿ ಅಪರೂಪವೇನಲ್ಲ. ಇಷ್ಟಾಗಿಯೂ ಆಕೆ ಹೆಚ್ಚು ಅಂಕ ಗಳಿಸಿದರೆ ಹೆಮ್ಮೆಪಡುತ್ತೇವೆ. ಆ ಬಳಿಕ ಆಕೆಯನ್ನು ಕಾಲೇಜಿಗೆ ಕಳುಹಿಸಬೇಕೋ ಬೇಡವೋ ಎಂದು ಚರ್ಚಿಸುತ್ತೇವೆ. ಇದು ಯಾವ ನ್ಯಾಯ?

ವ್ಯವಸ್ಥೆಯೂ ಉತ್ತರಿಸಬೇಕಾದ ಪ್ರಶ್ನೆಗಳಿವೆ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳನ್ನು ಕೇಳಿ, ಸುಮಾರು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಅದೇ ವರ್ಷ ನೀಟ್ ಪ್ರಶ್ನೆಪತ್ರಿಕೆ ಹಝಾರಿಬಾಗ್ ಮತ್ತು ಪಾಟ್ನಾದಲ್ಲಿ ಸೋರಿಕೆಯಾದುದು ಸುಪ್ರೀಮ್ ಕೋರ್ಟಿನ ಮುಂದೆ ನಿರ್ವಿವಾದವಾಗಿತ್ತು. ಮಕ್ಕಳಿಂದ ಶಿಸ್ತು ಬಯಸುವವರು ಮೊದಲು ತಾವು ಪಾಸಾಗಬೇಡವೇ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ, 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13 ಸಾವಿರಕ್ಕೂ ಅಧಿಕ. ಎಲ್ಲಕ್ಕೂ ಪರೀಕ್ಷೆಯೇ ಕಾರಣವಲ್ಲ, ನಿಜ. ಆದರೆ ಅನುತ್ತೀರ್ಣಗೊಂಡ ಮಗುವಿಗೆ ಮನೆಗೆ ಮರಳಲು ಭಯವಾಗುತ್ತದೆಂದಾದರೆ, ಅಲ್ಲಿ ನಪಾಸಾದುದು ಮಗುವಲ್ಲ, ಮನೆ. ರಾಜ್ಯದಲ್ಲಿ 2024ರಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಜಾರಿಗೆ ಬಂತು. ಪೂರಕ ಪರೀಕ್ಷೆಯೆಂಬ ಹಣೆಪಟ್ಟಿ ಹೋಗಿ, ಉತ್ತಮ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ದೊರಕಿತು. ಸರಕಾರವೇ ಮರು ಅವಕಾಶ ನೀಡಿರುವಾಗ ಹೆತ್ತವರೇಕೆ ಒಂದೇ ಫಲಿತಾಂಶಕ್ಕೆ ತೀರ್ಪು ಬರೆಯಬೇಕು?

ಜಮಾಅತ್‌ಗಳು ಫಲಿತಾಂಶದ ನಂತರ ಸನ್ಮಾನ ಸಮಾರಂಭ ಏರ್ಪಡಿಸುತ್ತವೆ. ಒಳ್ಳೆಯದು. ಆದರೆ ಒಂದೇ ಕೋಣೆಯ ಮನೆಯಲ್ಲಿ ಆರೇಳು ಮಂದಿಯ ನಡುವೆ ಓದುವ ಮಕ್ಕಳಿಗಾಗಿ ಸಂಜೆಯ ಹೊತ್ತು ಒಂದು ಸಭಾಂಗಣದ ಬಾಗಿಲು ತೆರೆದಿಟ್ಟು, ಹೆಣ್ಮಕ್ಕಳಿಗೂ ಅಲ್ಲಿ ಸ್ಥಳ ಕಲ್ಪಿಸಿ, ಗಣಿತ ಬಲ್ಲ ಇಬ್ಬರು ಯುವಕ-ಯುವತಿಯರನ್ನು ಕೂರಿಸಲು ಎಷ್ಟು ಖರ್ಚಾದೀತು? ಶಾಲು, ಸ್ಮರಣಿಕೆಗಳ ಖರ್ಚಿಗಿಂತ ಖಂಡಿತ ಹೆಚ್ಚಾಗದು. ಗೆದ್ದವರನ್ನು ಹಾರ ಹಾಕಿ ಗೌರವಿಸುವುದು ಸುಲಭ. ಗೆಲ್ಲಬಹುದಾದವರ ಬಳಿ ಜೂನ್‌ನಿಂದಲೇ ನಿಲ್ಲುವುದು ಸಮುದಾಯದ ನಿಜವಾದ ಪರೀಕ್ಷೆ.