ರಿಸರ್ವ್ ಬ್ಯಾಂಕಿನ ಮೀಸಲು ನೀತಿ ಮತ್ತು ಕೃಷಿ ಸಾಲ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ರೈತರು ತಿಳಿಯಬೇಕಾದ ಅಂಶಗಳು

ಭಾರತೀಯ ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ರೆಪೊ ದರವನ್ನು ಶೇ. 6.50ರಿಂದ ಶೇ. 5.25ಕ್ಕೆ ಹಂತಹಂತವಾಗಿ ಇಳಿಸಿತು. ಅದೇ ವರ್ಷದ ಸೆಪ್ಟೆಂಬರ್ ಮತ್ತು ನವೆಂಬರ್ ನಡುವೆ ನಗದು ಮೀಸಲು ಅನುಪಾತವನ್ನು ನಾಲ್ಕು ಕಂತುಗಳಲ್ಲಿ ಶೇ. 4ರಿಂದ ಶೇ. 3ಕ್ಕೆ ತಗ್ಗಿಸಿತು. ಇದರಿಂದ ಬ್ಯಾಂಕುಗಳಿಗೆ ಸುಮಾರು 2.5 ಲಕ್ಷ ಕೋಟಿ ರೂಪಾಯಿ ಲಭ್ಯವಾಗುವುದೆಂದು ರಿಸರ್ವ್ ಬ್ಯಾಂಕ್ ತಿಳಿಸಿತ್ತು. ಇಷ್ಟು ಹಣ ಬಿಡುಗಡೆಯಾದ ಮೇಲೂ ಬೆಳೆ ಸಾಲದ ಬಡ್ಡಿ ಏಕೆ ಇಳಿಯಲಿಲ್ಲ ಎಂಬ ಪ್ರಶ್ನೆ ತಮ್ಮಲ್ಲಿ ಮೂಡುವುದು ಸಹಜ. ಮೀಸಲು ನೀತಿಯು ಬ್ಯಾಂಕು ಎಷ್ಟು ಸಾಲ ಕೊಡಬಲ್ಲದು ಎಂಬುದನ್ನು ನಿರ್ಧರಿಸುತ್ತದೆಯೇ ಹೊರತು ಯಾರಿಗೆ ಕೊಡಬೇಕು ಎಂಬುದನ್ನಲ್ಲ. ಈ ವ್ಯತ್ಯಾಸವನ್ನು ಅರಿತರೆ ಯಾವ ಬದಲಾವಣೆಯಿಂದ ತಮಗೆ ಲಾಭ, ಯಾವುದರಿಂದ ನಷ್ಟ ಎಂಬುದು ಸ್ಪಷ್ಟವಾಗುತ್ತದೆ.

ಒಂದು ಲಕ್ಷ ರೂಪಾಯಿಯ ಲೆಕ್ಕ

ಶಿರಾದ ರೈತರೊಬ್ಬರು ಶೇಂಗಾ ಮಾರಿ ಬಂದ 1,00,000 ರೂಪಾಯಿಯನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರೆಂದು ಭಾವಿಸೋಣ. ಶೇ. 3ರ ನಿಯಮದಂತೆ ಬ್ಯಾಂಕು ಅದರಲ್ಲಿ 3,000 ರೂಪಾಯಿಯನ್ನು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕು. ಈ ಮೊತ್ತಕ್ಕೆ ಬ್ಯಾಂಕಿಗೆ ಬಡ್ಡಿ ದೊರೆಯುವುದಿಲ್ಲ. ಇದಲ್ಲದೆ ಶಾಸನಬದ್ಧ ದ್ರವ್ಯತಾ ಅನುಪಾತ ಶೇ. 18 ಇರುವುದರಿಂದ 18,000 ರೂಪಾಯಿಯನ್ನು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲಿ ತೊಡಗಿಸಬೇಕು. ಉಳಿದ 79,000 ರೂಪಾಯಿ ಸಾಲಕ್ಕೆ ಲಭ್ಯ.

ಆ ಹಣವನ್ನು ಮಧುಗಿರಿಯ ರೈತರೊಬ್ಬರು ಸಾಲವಾಗಿ ಪಡೆದು ಹನಿ ನೀರಾವರಿ ಸಾಮಗ್ರಿ ಕೊಂಡರೆ, ಅದು ಅಂಗಡಿಯವರ ಖಾತೆಗೆ ಹೊಸ ಠೇವಣಿಯಾಗಿ ಸೇರುತ್ತದೆ. ಅದರಲ್ಲೂ ಮೀಸಲು ತೆಗೆದು ಉಳಿದದ್ದು ಮತ್ತೊಬ್ಬರಿಗೆ ಸಾಲವಾಗುತ್ತದೆ. ಹೀಗೆ ಒಂದೇ ಠೇವಣಿಯ ಆಧಾರದ ಮೇಲೆ ಹಲವು ಠೇವಣಿಗಳು ಹುಟ್ಟುವುದರಿಂದ ಸಮಾಜದಲ್ಲಿ ಹಣದ ಪೂರೈಕೆ ಹೆಚ್ಚುತ್ತದೆ. ಮೀಸಲು ಶೇ. 4 ಇದ್ದಾಗ ಲಕ್ಷಕ್ಕೆ 4,000 ರೂಪಾಯಿ ತಡೆಹಿಡಿಯಬೇಕಿತ್ತು. ಈಗ 3,000 ಸಾಕು. ಲಕ್ಷಕ್ಕೆ ಉಳಿದ ಈ ಒಂದು ಸಾವಿರವೇ ದೇಶದ ಎಲ್ಲ ಬ್ಯಾಂಕುಗಳ ಠೇವಣಿಗಳಲ್ಲಿ ಸೇರಿ ಲಕ್ಷ ಕೋಟಿಗಳಾಗುತ್ತದೆ.

ಬೆಲೆ ಏರಿಕೆಯ ಕಾಲದಲ್ಲಿ ಇದೇ ಸಾಧನವನ್ನು ವಿರುದ್ಧ ದಿಕ್ಕಿನಲ್ಲಿ ಬಳಸಲಾಗುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಶೇ. 3ಕ್ಕೆ ಇಳಿಸಿದ್ದ ಅನುಪಾತವನ್ನು 2021ರಲ್ಲಿ ಎರಡು ಹಂತಗಳಲ್ಲಿ ಶೇ. 4ಕ್ಕೆ ಮರಳಿಸಲಾಯಿತು. ಹಣದುಬ್ಬರ ಹೆಚ್ಚಿದ 2022ರ ಮೇ ತಿಂಗಳಲ್ಲಿ ಅದನ್ನು ಶೇ. 4.5ಕ್ಕೆ ಏರಿಸಲಾಯಿತು. ಆದ್ದರಿಂದ ಇಂದಿನ ಸಡಿಲಿಕೆಯನ್ನು ಶಾಶ್ವತವೆಂದು ಭಾವಿಸಬಾರದು.

ಬೆಳೆ ಸಾಲದ ಬಡ್ಡಿ ಏಕೆ ಬದಲಾಗಲಿಲ್ಲ?

ಕಿಸಾನ್ ಕ್ರೆಡಿಟ್ ಕಾರ್ಡ್ ಮೂಲಕ ವಾಣಿಜ್ಯ ಮತ್ತು ಗ್ರಾಮೀಣ ಬ್ಯಾಂಕುಗಳು ನೀಡುವ 3 ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಬೆಳೆ ಸಾಲದ ಬಡ್ಡಿ ಶೇ. 7. ಇದು ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ ಯೋಜನೆಯಡಿ ನಿಗದಿಯಾಗಿರುವುದರಿಂದ ರೆಪೊ ದರದೊಡನೆ ಏರಿಳಿಯುವುದಿಲ್ಲ. ಗಡುವಿನೊಳಗೆ ಮರುಪಾವತಿಸಿದವರಿಗೆ ಶೇ. 3ರ ರಿಯಾಯಿತಿ ದೊರೆತು ಬಡ್ಡಿ ಶೇ. 4ಕ್ಕೆ ಇಳಿಯುತ್ತದೆ. ಎಂದರೆ, 2025ರಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ಒಟ್ಟು ಕಡಿತ ಶೇ. 1.25, ಸಕಾಲ ಮರುಪಾವತಿಯಿಂದ ತಾವೇ ಗಳಿಸಬಹುದಾದ ಕಡಿತ ಶೇ. 3. ಒಂದು ಲಕ್ಷ ರೂಪಾಯಿ ಸಾಲಕ್ಕೆ ವರ್ಷಕ್ಕೆ 3,000 ರೂಪಾಯಿ ಉಳಿತಾಯವೆಂಬುದನ್ನು ಮರೆಯಬಾರದು.

ಟ್ರ್ಯಾಕ್ಟರ್, ಪಂಪ್‌ಸೆಟ್ ಮತ್ತು ತೋಟಗಾರಿಕೆಯ ಅವಧಿ ಸಾಲಗಳ ಸ್ಥಿತಿ ಬೇರೆ. ಗೃಹ ಸಾಲದಂತೆ ಇವುಗಳನ್ನು ರೆಪೊ ದರಕ್ಕೆ ಜೋಡಿಸುವುದು ಕಡ್ಡಾಯವಲ್ಲ. ಬ್ಯಾಂಕಿನ ನಿಧಿ ವೆಚ್ಚವನ್ನು ಆಧರಿಸಿದ ದರಕ್ಕೆ ಜೋಡಣೆಯಾಗಿದ್ದರೆ, ಒಪ್ಪಂದದಲ್ಲಿನ ಮರುನಿಗದಿ ದಿನಾಂಕದಂದು ಮಾತ್ರ ಬಡ್ಡಿ ಬದಲಾಗುತ್ತದೆ. ಸ್ಥಿರ ದರದ ಸಾಲವಾಗಿದ್ದರೆ ಬದಲಾಗುವುದೇ ಇಲ್ಲ.

ಸಹಕಾರ ಸಂಘಗಳ ಹಣದ ಮೂಲ ಬೇರೆ

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಮೂಲಕ ರಾಜ್ಯದಲ್ಲಿ 5 ಲಕ್ಷ ರೂಪಾಯಿವರೆಗೆ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲ ನೀಡುವ ಯೋಜನೆಯಿದೆ. ಇಲ್ಲಿನ ಹಣದ ಗಣನೀಯ ಪಾಲು ನಬಾರ್ಡ್‌ನಿಂದ ಅಪೆಕ್ಸ್ ಬ್ಯಾಂಕ್ ಮತ್ತು ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕುಗಳ ಮೂಲಕ ಬರುತ್ತದೆ. 2023-24ರಲ್ಲಿ ಕರ್ನಾಟಕಕ್ಕೆ 5,600 ಕೋಟಿ ರೂಪಾಯಿ ಇದ್ದ ನಬಾರ್ಡ್‌ನ ರಿಯಾಯಿತಿ ದರದ ಮರುಸಾಲದ ಮಿತಿ 2024-25ರಲ್ಲಿ 2,340 ಕೋಟಿಗೆ ಇಳಿದಾಗ, ರಾಜ್ಯ ಸರ್ಕಾರ ಕೇಂದ್ರಕ್ಕೆ ಮನವಿ ಸಲ್ಲಿಸಬೇಕಾಯಿತು. ಆ ವರ್ಷದ ಡಿಸೆಂಬರ್‌ನಲ್ಲಿಯೇ ನಗದು ಮೀಸಲು ಅನುಪಾತವನ್ನು ಶೇ. 4.5ರಿಂದ ಶೇ. 4ಕ್ಕೆ ಇಳಿಸಲಾಗಿತ್ತು. ಒಂದು ಕಾಲುವೆಯಲ್ಲಿ ನೀರು ಹೆಚ್ಚಿದ ಮಾತ್ರಕ್ಕೆ ಮತ್ತೊಂದು ಕಾಲುವೆ ತುಂಬುವುದಿಲ್ಲ. ಸಂಘದಲ್ಲಿ ಸಾಲ ತಡವಾದಾಗ ಕಾರಣವನ್ನು ಮರುಸಾಲದ ಮಿತಿಯಲ್ಲಿಯೂ ಹುಡುಕಬೇಕು.

ಠೇವಣಿದಾರರಿಗೆ ಎಚ್ಚರಿಕೆ

ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಸೌರ ಉದ್ಯಾನಕ್ಕೆ ಜಮೀನು ಗುತ್ತಿಗೆ ನೀಡಿದವರು ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಪಡೆದರು. ಇಂತಹ ಆದಾಯವನ್ನು ನಿಶ್ಚಿತ ಠೇವಣಿಯಲ್ಲಿ ಇರಿಸಿದವರಿಗೆ ದರ ಇಳಿಕೆಯೆಂದರೆ ಆದಾಯದ ಇಳಿಕೆ. ಹಳೆಯ ಠೇವಣಿಯ ಬಡ್ಡಿ ಅವಧಿ ಮುಗಿಯುವವರೆಗೆ ಬದಲಾಗದು; ನವೀಕರಿಸುವಾಗ ಅಂದಿನ ದರ ಅನ್ವಯಿಸುತ್ತದೆ.

ಪಾಲಿಸಬೇಕಾದ ಕ್ರಮಗಳು

• ಬೆಳೆ ಸಾಲದ ಗಡುವು ದಿನಾಂಕವನ್ನು ಶಾಖೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಒಂದು ದಿನ ತಡವಾದರೂ ಶೇ. 3ರ ರಿಯಾಯಿತಿ ಕೈತಪ್ಪಬಹುದು.

• ಅವಧಿ ಸಾಲ ಪಡೆಯುವ ಮೊದಲು ಬಡ್ಡಿ ಸ್ಥಿರವೋ ಬದಲಾಗುವುದೋ, ಮರುನಿಗದಿ ಯಾವಾಗ ಎಂಬುದನ್ನು ಲಿಖಿತವಾಗಿ ಪಡೆಯಿರಿ.

• 2025ರ ಜನವರಿ 1ರಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಅಡಮಾನ ಬೇಕಿಲ್ಲ. ಈ ನಿಯಮವನ್ನು ಶಾಖೆಯಲ್ಲಿ ಪ್ರಸ್ತಾಪಿಸಿ.

• ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿ ಮಾಡಿಸಿ, ಎಲ್ಲ ಸರ್ವೆ ನಂಬರುಗಳು ಸೇರಿವೆಯೇ ಎಂದು ಪರಿಶೀಲಿಸಿ.

• ಮಳೆ ಕೈಕೊಟ್ಟು ಬೆಳೆ ಹಾನಿಯಾದಾಗ ಸುಸ್ತಿದಾರರಾಗುವವರೆಗೆ ಕಾಯಬೇಡಿ. ಬೆಳೆ ನಷ್ಟ ಶೇ. 33 ಅಥವಾ ಹೆಚ್ಚಿದ್ದು ಪ್ರದೇಶ ಬಾಧಿತವೆಂದು ಘೋಷಣೆಯಾದಾಗ ಸಾಲ ಪುನರ್ರಚನೆಗೆ ಅವಕಾಶವಿದೆ. ಕೂಡಲೇ ಅರ್ಜಿ ಸಲ್ಲಿಸಿ.

ವಿಸ್ತರಣಾ ಕಾರ್ಯಕರ್ತರು ಗ್ರಾಮ ಸಭೆಗಳಲ್ಲಿ ರೆಪೊ ಸುದ್ದಿಯನ್ನು ವಿವರಿಸುವಾಗ "ಬಡ್ಡಿ ಇಳಿಯಿತು" ಎಂದಷ್ಟೇ ಹೇಳದೆ, ಅದು ಯಾವ ಸಾಲಕ್ಕೆ ಅನ್ವಯಿಸುತ್ತದೆ ಎಂಬುದನ್ನೂ ತಿಳಿಸಬೇಕು. ತಪ್ಪು ನಿರೀಕ್ಷೆಯಿಂದ ಮರುಪಾವತಿ ಮುಂದೂಡಿದ ರೈತರು ಇರುವ ರಿಯಾಯಿತಿಯನ್ನೂ ಕಳೆದುಕೊಳ್ಳುತ್ತಾರೆ. ಬ್ಯಾಂಕುಗಳು ಒಟ್ಟು ಸಾಲದ ಶೇ. 18ರಷ್ಟನ್ನು ಕೃಷಿಗೆ, ಅದರೊಳಗೆ ಶೇ. 10ರಷ್ಟನ್ನು ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ನೀಡಬೇಕೆಂಬ ಗುರಿಯಿದೆ. ಬ್ಯಾಂಕಿನಲ್ಲಿ ಹಣ ಹೆಚ್ಚಿರುವ ಈ ಅವಧಿಯಲ್ಲಿ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಂಡು, ಮುಂಗಾರಿಗೆ ಸಾಕಷ್ಟು ಮುಂಚೆಯೇ ಅರ್ಜಿ ಸಲ್ಲಿಸುವುದು ಸೂಕ್ತ.