ದೇವರಿಗೆ ವಕೀಲರು ಬೇಕಿಲ್ಲ...

ನಮ್ಮ ಬೀದಿಯಲ್ಲಿ ಒಬ್ಬರು ರಿಟೈರ್ಡ್ ಟೀಚರ್ ಇದ್ದಾರೆ. ಎಲ್ಲರಿಗೂ ಅವರು ಟೀಚರಮ್ಮ. ಗಂಡ ತೀರಿಕೊಂಡು ಎಷ್ಟೋ ವರ್ಷಗಳಾದವು. ಇದ್ದವನು ಒಬ್ಬನೇ ಮಗ. ಕಳೆದ ವರ್ಷ ಆಫೀಸಿನಿಂದ ಬರುವಾಗ ಬೈಕ್ ಆಕ್ಸಿಡೆಂಟಿನಲ್ಲಿ ಅವನೂ ಹೋಗಿಬಿಟ್ಟ. ಭಾನುವಾರದ ಚರ್ಚು ತಪ್ಪಿಸದ, ಯಾರಿಗೂ ಕೆಟ್ಟದ್ದು ಬಯಸದ ಹೆಂಗಸು. 'ಇಂಥವರಿಗ್ಯಾಕೆ ಹೀಗೆ?' ಅಂತ ಬೀದಿಗೆ ಬೀದಿಯೇ ಕೇಳಿಕೊಂಡಿತು.

ಮಾತಾಡಿಸಿ ಬರೋಣ ಅಂತ ನಾನೂ ಹೋಗಿದ್ದೆ. ಏನು ಹೇಳಬೇಕೋ ತೋಚಲಿಲ್ಲ. ಸುಮ್ಮನಿರಬೇಕಿತ್ತು.. ಇರಲಿಲ್ಲ. "ದೇವರು ಏನು ಮಾಡಿದ್ರೂ ಅದಕ್ಕೊಂದು ಕಾರಣ ಇರುತ್ತೆ ಟೀಚರಮ್ಮ" ಅಂದುಬಿಟ್ಟೆ. ಅವರು ತಲೆಯೆತ್ತಿ ನೋಡಿ, "ಯೋಬನ ಗೆಳೆಯರೂ ಹಿಂಗೇ ಅಂದಿದ್ರಪ್ಪ" ಅಂದರು. ಅಷ್ಟೇ. ಆಮೇಲೆ ಇಬ್ಬರೂ ಮಾತಾಡಲಿಲ್ಲ.

ಯೋಬನ ಹೆಸರು ಕೇಳಿದ್ದೆ, ಓದಿರಲಿಲ್ಲ. ಮನೆಗೆ ಬಂದು ಸತ್ಯವೇದದಲ್ಲಿ ಆ ಪುಸ್ತಕ ಹುಡುಕಿ ಓದಿದೆ. 42 ಅಧ್ಯಾಯ. ಮುಗಿಸುವ ಹೊತ್ತಿಗೆ ನನ್ನ ಮುಖ ನನಗೇ ಕಂಡಿತು, ಅದೂ ಆ ಗೆಳೆಯರ ಸಾಲಿನಲ್ಲಿ.

ಯೋಬ ಒಳ್ಳೆಯ ಮನುಷ್ಯ. ಏಳು ಗಂಡು, ಮೂರು ಹೆಣ್ಣು ಮಕ್ಕಳು, ಸಾವಿರಾರು ಕುರಿ, ಒಂಟೆ. ಒಂದೇ ದಿನದಲ್ಲಿ ಎಲ್ಲವೂ ಹೋಗುತ್ತದೆ. ಆಮೇಲೆ ಮೈತುಂಬ ಹುಣ್ಣು. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ನೋಡಲು ಬರುತ್ತಾರೆ. ಮೊದಲ ಏಳು ದಿನ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ನನ್ನ ಪ್ರಕಾರ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ! ಬಾಯಿ ಬಿಟ್ಟಮೇಲೆ ಶುರುವಾಗುತ್ತದೆ ನೋಡಿ ವಕಾಲತ್ತು.. ದೇವರು ನ್ಯಾಯವಂತ, ನಿನಗೆ ಶಿಕ್ಷೆ ಆಗಿದೆ ಅಂದರೆ ನೀನೇನೋ ತಪ್ಪು ಮಾಡಿರಬೇಕು, ಒಪ್ಪಿಕೋ ಅಂತ. ನಮ್ಮಲ್ಲಿ 'ಪೂರ್ವಜನ್ಮದ ಕರ್ಮ' ಅನ್ನುತ್ತೇವಲ್ಲ, ಅದರ ಅಣ್ಣನೋ ತಮ್ಮನೋ ಇದು.

ಯೋಬ ಒಪ್ಪುವುದಿಲ್ಲ. ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ನನ್ನ ತಪ್ಪೇನು ಹೇಳು ಅಂತ ದೇವರನ್ನೇ ನಿಲ್ಲಿಸಿ ಕೇಳುತ್ತಾನೆ. ಭಕ್ತರು ಆಡುವ ಮಾತಾ ಇದು ಅನ್ನಿಸುವಷ್ಟು ಕಟುವಾಗಿ ಮಾತಾಡುತ್ತಾನೆ.

ಆದರೆ ಕೊನೆಗೆ ದೇವರು ಸಿಟ್ಟಾಗುವುದು ಗೆಳೆಯರ ಮೇಲೆ! ನನ್ನ ವಿಷಯವಾಗಿ ಯೋಬ ಆಡಿದಂತೆ ನೀವು ಸರಿಯಾಗಿ ಆಡಲಿಲ್ಲ ಅನ್ನುತ್ತಾನೆ. ಅವರ ಪರವಾಗಿ ಯೋಬನೇ ಪ್ರಾರ್ಥನೆ ಮಾಡಬೇಕಾಗುತ್ತದೆ. ಯಾಕಿರಬಹುದು ಅಂತ ಮತ್ತೆ ಹಿಂದಕ್ಕೆ ಹೋಗಿ ಓದಿದೆ. ಒಂದು ವಿಷಯ ಹೊಳೆಯಿತು. ಗೆಳೆಯರು ಅಷ್ಟುದ್ದ ಮಾತಾಡುವುದೆಲ್ಲ ದೇವರ 'ಬಗ್ಗೆ'. ದೇವರ 'ಹತ್ತಿರ' ಮಾತಾಡುವವನು ಯೋಬ ಒಬ್ಬನೇ.

ನಂಬಿಕೆ ಅಂದರೆ ಇದೇ ಇರಬೇಕು ಅನ್ನಿಸಿತು ನನಗೆ. ಜಗಳಕ್ಕಾದರೂ ಸರಿ, ಅವನ ಕಡೆಗೇ ತಿರುಗುವುದು.

ನಮ್ಮ ರಾಘವಾಂಕನ ಹರಿಶ್ಚಂದ್ರ ಕಾವ್ಯ ನೆನಪಾಯಿತು. ಎರಡು ಕಥೆಗೂ ಎಂಥ ಹೋಲಿಕೆ ನೋಡಿ. ಅಲ್ಲಿ ದೇವರ ಮುಂದೆ ಸೈತಾನನ ಸವಾಲು, ಇಲ್ಲಿ ಇಂದ್ರನ ಸಭೆಯಲ್ಲಿ ವಸಿಷ್ಠ-ವಿಶ್ವಾಮಿತ್ರರ ವಾದ. ಮೇಲೆ ನಡೆದದ್ದು ಓದುಗರಿಗೆ ಗೊತ್ತು, ನೋವು ತಿನ್ನುವವರಿಗೆ ಗೊತ್ತಿಲ್ಲ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಮಡಿಲಲ್ಲಿಟ್ಟುಕೊಂಡು ಚಂದ್ರಮತಿ ಅಳುವುದನ್ನು ಓದಿದವರು ಮರೆಯುವುದುಂಟೇ? ಆ ಅಳುವಿಗೆ ಕಾವ್ಯದಲ್ಲಿ ಅಷ್ಟು ಜಾಗ ಕೊಟ್ಟ ಕವಿ ಪರಮ ಶಿವಭಕ್ತ. ಅತ್ತರೆ ಭಕ್ತಿ ಕಮ್ಮಿಯಾಗುತ್ತದೆ ಅಂತ ಅವನಿಗೆ ಅನ್ನಿಸಲಿಲ್ಲ.

ನಮ್ಮ ಬದುಕಿನ ಮೊದಲ ಅಧ್ಯಾಯ ನಮ್ಮ ಕೈಗೆ ಸಿಗುವುದಿಲ್ಲ. ನಾವಿರುವುದು ನಡುವಿನ ಅಧ್ಯಾಯಗಳಲ್ಲಿ. ಹಾಗಾಗಿ 'ಇದಕ್ಕೆ ಕಾರಣ ಇದು' ಅಂತ ನೊಂದವರಿಗೆ ಹೇಳಹೊರಟರೆ ಆ ಮೊದಲ ಅಧ್ಯಾಯವನ್ನು ನಾವೇ ಕಟ್ಟಿ ಹೇಳಿದಂತೆ. ನಾನು ಮಾಡಿದ್ದೂ ಅದನ್ನೇ.

'ಸರಿ, ಕೊನೆಗೆ ದೇವರು ಉತ್ತರ ಕೊಟ್ಟನಾ?' ಅಂತ ಕೇಳಬಹುದು. ಕೊಡಲಿಲ್ಲ. ಬಿರುಗಾಳಿಯೊಳಗಿಂದ ಮಾತಾಡುತ್ತಾನೆ, ಮಾತಾಡಿದ್ದೆಲ್ಲ ಪ್ರಶ್ನೆಗಳೇ.. ಭೂಮಿಗೆ ಅಡಿಪಾಯ ಹಾಕಿದಾಗ ನೀನೆಲ್ಲಿದ್ದೆ, ಜನರೇ ಇಲ್ಲದ ಕಾಡಿಗೆ ಮಳೆ ಸುರಿಸುವವರು ಯಾರು ಅಂತ. ಸೈತಾನನ ಸವಾಲಿನ ಸುದ್ದಿಯೇ ಇಲ್ಲ. ಮೊದಲ ಸಲ ಓದಿದಾಗ, ಇದೇನಿದು ದೇವರು ಜಾರಿಕೊಂಡನಲ್ಲ ಅನ್ನಿಸಿದ್ದು ನಿಜ. ದೇವರನ್ನು ನಂಬದ ಗೆಳೆಯರು ಹಾಗೇ ಅಂದರೆ ನಾನು ಜಗಳ ಆಡುವುದಿಲ್ಲ. ಈಗ ಅನ್ನಿಸುವುದು, ಕಾರಣ ಬರಲಿಲ್ಲ ನಿಜ, ಆದರೆ ದೇವರೇ ಬಂದ. ಯೋಬನಿಗೆ ಅದು ಸಾಕಾಯಿತು.

ಒಂದು ಲೆಕ್ಕ ಮಾತ್ರ ಇನ್ನೂ ಕಾಡುತ್ತದೆ. ಕೊನೆಯಲ್ಲಿ ಯೋಬನಿಗೆ ಎಲ್ಲವೂ ಎರಡರಷ್ಟು ಸಿಗುತ್ತದೆ. 7000 ಇದ್ದ ಕುರಿ 14000, 3000 ಇದ್ದ ಒಂಟೆ 6000. ಮಕ್ಕಳು ಮಾತ್ರ ಮತ್ತೆ ಹತ್ತೇ. ಲೋಹಿತಾಶ್ವನಂತೆ ಸತ್ತವರು ಎದ್ದು ಬರಲಿಲ್ಲ. ಟೀಚರಮ್ಮನ ಮಗನೂ ಬರುವುದಿಲ್ಲ. ಕಳೆದದ್ದು ವಾಪಸ್ ಸಿಗುತ್ತದೆ ಅನ್ನುವ ಭರವಸೆಯ ಮೇಲೆ ನಿಂತ ನಂಬಿಕೆಯಾದರೆ ಅದು ಬಹಳ ದಿನ ಬಾಳಲಾರದು.

ಟೀಚರಮ್ಮ ಈಗಲೂ ಭಾನುವಾರ ಚರ್ಚಿಗೆ ಹೋಗುತ್ತಾರೆ. ಮೊನ್ನೆ ಗೇಟಿನ ಹತ್ತಿರ ಸಿಕ್ಕಾಗ ತಡೆಯಲಾರದೆ ಕೇಳಿಯೇಬಿಟ್ಟೆ, "ಸಿಟ್ಟು ಬರಲ್ವಾ ಟೀಚರಮ್ಮ, ದೇವರ ಮೇಲೆ?"

"ಬರುತ್ತಪ್ಪ, ಯಾಕ್ ಬರಲ್ಲ? ದಿನಾ ಬೈತೀನಿ. ಆಮೇಲೆ ಅವನ ಹತ್ರಾನೇ ಅಳ್ತೀನಿ. ಇನ್ಯಾರಿದಾರೆ ನಂಗೆ?" ಅಂದರು.

ಈ ಸಲ ನಾನು ಏನೂ ಹೇಳಲಿಲ್ಲ. ಅವರ ಕೈಲಿದ್ದ ಚೀಲ ಇಸ್ಕೊಂಡು ಮನೆಯ ತನಕ ಜೊತೆಗೆ ನಡೆದೆ.

ನಿಮಗೂ ಹೀಗೆ ಯಾರ ಮನೆಯಲ್ಲಾದರೂ ಏನೋ ಹೇಳಿ, ಆಮೇಲೆ ನಾಲಿಗೆ ಕಚ್ಚಿಕೊಂಡದ್ದುಂಟಾ?