ಓದಿದವರೇ ಓದಿಸುವವರು
ಆಫ್ರಿಕಾದ ಬಡ ಹೆಣ್ಣುಮಕ್ಕಳ ಓದಿನ ಖರ್ಚು ಹೊರುವ ಕ್ಯಾಮ್‌ಫೆಡ್ ಸಂಸ್ಥೆ ಶುರುವಾದದ್ದು 1993ರಲ್ಲಿ. ಜಿಂಬಾಬ್ವೆಯ ಹಳ್ಳಿಗಾಡಿನಲ್ಲಿ ಹುಡುಗಿಯರು ಶಾಲೆ ಬಿಡಲು ಸಂಪ್ರದಾಯಕ್ಕಿಂತ ಬಡತನವೇ ಕಾರಣವೆಂದು ಕಂಡುಕೊಂಡ ಆ್ಯನ್ ಕಾಟನ್, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕೇಕ್ ಮಾಡಿ ಮಾರಿ, ಮೊದಲ 32 ಹುಡುಗಿಯರ ಓದಿಗೆ ಹಣ ಕೂಡಿಸಿದರು. ಶುಲ್ಕದ ಜೊತೆಗೆ ಸಮವಸ್ತ್ರ, ಪುಸ್ತಕ, ಶೂ, ಸ್ಯಾನಿಟರಿ ಪ್ಯಾಡ್‌ಗಳೂ ನೆರವಿನಲ್ಲಿ ಸೇರುತ್ತವೆ. ಘಾನಾ, ಮಲಾವಿ, ತಾಂಜಾನಿಯಾ, ಜಾಂಬಿಯಾಗಳಿಗೂ ಹಬ್ಬಿದ ಈ ಕೆಲಸವನ್ನು ನಡೆಸಿಕೊಂಡು ಹೋಗುವವರು ಹೆಚ್ಚಾಗಿ ಆಯಾ ಊರಿನ ಸ್ವಯಂಸೇವಕರೇ. ನೆರವು ಯಾರಿಗೆ ಬೇಕೆಂಬುದನ್ನು ಶಿಕ್ಷಕರು, ಪೋಷಕರು, ಊರ ಹಿರಿಯರು ಸೇರಿ ತೀರ್ಮಾನಿಸುತ್ತಾರೆ. ತಾಯಂದಿರ ಗುಂಪುಗಳು ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಬಡಿಸುತ್ತವೆ. ಓದು ಮುಗಿಸಿದ ಯುವತಿಯರು ‘ಲರ್ನರ್ ಗೈಡ್’ಗಳಾಗಿ ತಮ್ಮೂರ ಶಾಲೆಗೆ ಬಂದು ಜೀವನ ಕೌಶಲ ಕಲಿಸುತ್ತಾರೆ, ಗೈರಾದ ಮಕ್ಕಳ ಮನೆಗೆ ಹೋಗಿ ವಿಚಾರಿಸುತ್ತಾರೆ. ಇದಕ್ಕೆ ಸಂಬಳವಿಲ್ಲ; ಬದಲಿಗೆ ಸಣ್ಣ ವ್ಯಾಪಾರಕ್ಕೆ ಬಡ್ಡಿಯಿಲ್ಲದ ಸಾಲ ಸಿಗುತ್ತದೆ.